ಮೂರು ರೂಪಾಯಿ ಬಡ್ಡಿ ಅಂದರೆ ಎಷ್ಟು? ಹರೆಯದ ಮಕ್ಕಳಿಗೆ ರೊಕ್ಕದ ಲೆಕ್ಕ ಕಲಿಸುವ ಹೆಜ್ಜೆಗಳು

ಜಮಖಂಡಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಒಂಬತ್ತನೆಯ ತರಗತಿಗೆ ಬಡ್ಡಿಯ ಲೆಕ್ಕ ಮಾಡಿಸುತ್ತಿದ್ದೆ. ಅಸಲು 10,000 ರೂಪಾಯಿ, ದರ ವರ್ಷಕ್ಕೆ ಶೇ 6, ಎರಡು ವರ್ಷಕ್ಕೆ ಬಡ್ಡಿ ಎಷ್ಟು ಎಂದು ಬೋರ್ಡಿನ ಮೇಲೆ ಬರೆದೆ. ಅರ್ಧ ನಿಮಿಷದಲ್ಲಿ 1,200 ಎಂದು ಕೈ ಎತ್ತಿದರು. ಆಮೇಲೆ ಸುಮ್ಮನೆ ಕೇಳಿದೆ, ಊರಾಗ ಯಾರ ಹತ್ತಿರವಾದರೂ ಸಾಲ ತಂದರೆ ಬಡ್ಡಿ ಎಷ್ಟು ಅಂತ. ಹಿಂದಿನ ಬೆಂಚಿನ ಹುಡುಗನೊಬ್ಬ "ಮೂರು ರೂಪಾಯಿ ರೀ ಅಕ್ಕೋರ" ಎಂದ. ಹಾಗಾದರೆ ಬ್ಯಾಂಕಿನ ಸಾಲ ಹಗುರೋ, ಊರಿನ ಸಾಲ ಹಗುರೋ? "ಊರಿಂದ ರೀ. ಆರಕ್ಕಿಂತ ಮೂರು ಕಮ್ಮಿ ಅಲ್ರಿ?" ಇಡೀ ತರಗತಿಯಲ್ಲಿ ಒಬ್ಬರೂ ಇಲ್ಲ ಎನ್ನಲಿಲ್ಲ.

ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ ಅದು 36. ಬೋರ್ಡಿನ ಮೇಲಿದ್ದ ದರದ ಆರು ಪಟ್ಟು. ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುವ ಮಕ್ಕಳು, ತಮ್ಮ ಅಪ್ಪಂದಿರು ನಿತ್ಯ ಆಡುವ ಮಾತಿನ ಲೆಕ್ಕ ಬಿಡಿಸಲಾರದೆ ಕೂತಿದ್ದರು. ಆ ದಿನದಿಂದ ನನಗೆ ಅನಿಸಿದ್ದು ಇಷ್ಟು: ಹರೆಯದ ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಎಂದು ನಾವು ಬೈಯುತ್ತೇವೆ, ಆದರೆ ಮನೆಯ ದುಡ್ಡನ್ನು ಅವರ ಕಣ್ಣಿಗೆ ಬೀಳದಂತೆ ಇಟ್ಟವರೂ ನಾವೇ. "ದೊಡ್ಡವರ ಮಾತಿನ್ಯಾಗ ನಿನಗೇನು ಕೆಲಸ, ಓದ್ಕೋ ಹೋಗು" ಎನ್ನುವುದು ನಮ್ಮ ಭಾಗದ ಎಲ್ಲ ಮನೆಗಳಲ್ಲೂ ಕೇಳುವ ಮಾತು.

ಹದಿಮೂರರಿಂದ ಹದಿನೆಂಟರ ನಡುವಿನ ಮಕ್ಕಳಿರುವ ಮನೆಯವರಿಗಾಗಿ, ನನ್ನ ಮನೆಯಲ್ಲಿ ಮತ್ತು ತರಗತಿಯಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮನೆಯ ಲೆಕ್ಕವನ್ನು ಒಮ್ಮೆ ಬಿಚ್ಚಿ ತೋರಿಸಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇದೇ.

ನಮ್ಮ ಕಡೆ ರೊಕ್ಕ ಬರುವ ರೀತಿಯೇ ಬೇರೆ. ನೌಕರಿ ಮನೆಗೆ ತಿಂಗಳಿಗೊಮ್ಮೆ ಪಗಾರ. ರಬಕವಿ-ಬನಹಟ್ಟಿಯ ಮಗ್ಗದ ಮನೆಗೆ ವಾರಕ್ಕೊಮ್ಮೆ ಬಟವಡೆ. ಕಬ್ಬಿನ ಮನೆಗೆ, ವಿಜಯಪುರ ಕಡೆಯ ದ್ರಾಕ್ಷಿ ಮನೆಗೆ ವರ್ಷಕ್ಕೊಮ್ಮೆ ಒಂದೇ ಗಂಟು. ಗಂಟಾಗಿ ಬಂದ ರೊಕ್ಕ ಮಕ್ಕಳ ಕಣ್ಣಿಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆಲಮಟ್ಟಿಯ ಮುಳುಗಡೆ ಪರಿಹಾರ ಬಂದ ಊರುಗಳಲ್ಲಿ ದೊಡ್ಡವರ ಕಣ್ಣಿಗೇ ಹಾಗೆ ಕಂಡಿತ್ತು. ಬೇರೆ ಕಡೆ ಹೊಲ ಹಿಡಿದವರು ಉಳಿದರು, ಗಾಡಿ ಮತ್ತು ಮದುವೆಗೆ ಸುರಿದವರು ಕೆಲವೇ ವರ್ಷಗಳಲ್ಲಿ ಬರಿಗೈಯಾದರು. ನಮ್ಮ ಬಳಗದಲ್ಲೇ ಎರಡೂ ಬಗೆಯವರಿದ್ದಾರೆ.

ನನ್ನ ಮೈದುನನ ಮಗನಿಗೆ ಹದಿನಾರು ವರ್ಷ. ಮುಧೋಳ ಕಡೆ ಎರಡು ಎಕರೆ ಕಬ್ಬು ಅವರದು. ಹೋದ ಸಲ ಬಿಲ್ಲು ಜಮಾ ಆದ ವಾರ ನನ್ನ ಹತ್ತಿರ ಬಂದು ಮುಖ ಊದಿಸಿಕೊಂಡು ಕೂತ. "ದೊಡ್ಡವ್ವ, ಎರಡು ಲಕ್ಷ ನಲವತ್ತು ಸಾವಿರ ಬಂದಾವ. ಹದಿನೆಂಟು ಸಾವಿರದ್ದು ಒಂದು ಫೋನ್ ಕೊಡಸಾಕ ಅಪ್ಪಗ ಆಗಂಗಿಲ್ಲಂತ."

ನಾನು ಅವನಿಗೆ ಏನೂ ಹೇಳಲಿಲ್ಲ. ಒಂದು ನೋಟ್‌ಬುಕ್ಕು ಕೊಟ್ಟು, ಅಪ್ಪನನ್ನು ಎದುರಿಗೆ ಕೂರಿಸಿ, ಬರೆದುಕೋ ಎಂದೆ. ಕಟಾವು ಸಾಗಾಣಿಕೆ ಕಳೆದು ಟನ್ನಿಗೆ 3,000ದಂತೆ 80 ಟನ್ನು: 2,40,000. ಸೊಸೈಟಿಯ ಬೆಳೆ ಸಾಲ ತುಂಬಿದ್ದು 60,000. ಗೊಬ್ಬರದಂಗಡಿಯ ಉದ್ರಿ 45,000. ಕಳೆ, ನೀರು ಹಾಯಿಸುವ ಕೂಲಿ 15,000. ಉಳಿದದ್ದು 1,20,000. ಮುಂದಿನ ಬಿಲ್ಲು ಬರುವುದು ಇನ್ನು ಹನ್ನೆರಡು ತಿಂಗಳಿಗೆ. ಭಾಗಿಸು ಎಂದೆ. ತಿಂಗಳಿಗೆ 10,000 ಎಂದು ಬರೆದವನು ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಿದ್ದ. ಅವನು ಕೇಳುತ್ತಿದ್ದ ಫೋನು ಐದು ಜನರ ಮನೆಯ ಸುಮಾರು ಎರಡು ತಿಂಗಳ ಬದುಕು. ಫೋನು ಬೇಡ ಎಂದು ಅವನೇನೂ ಹೇಳಲಿಲ್ಲ. 8,000ದ್ದು ಸಾಕು, ದೀಪಾವಳಿಗೆ ಕೊಡಿಸಿ ಎಂದ.

ನೀವೂ ಹೀಗೇ ಮಾಡಿ. ಯಾವುದಾದರೂ ರಾತ್ರಿ ಊಟ ಮುಗಿದ ಮೇಲೆ ಒಂದು ತಾಸು ತೆಗೆದಿಡಿ. ಬಂದದ್ದು, ಕಟ್ಟಲೇಬೇಕಾದದ್ದು, ಉಳಿದದ್ದು ಎಂದು ಮೂರೇ ಸಾಲು. ಲೇಖನಿ ಮಕ್ಕಳ ಕೈಯಲ್ಲಿರಲಿ, ಅಂಕಿ ನೀವು ಹೇಳಿ. ವರ್ಷದ ಆದಾಯವನ್ನು ಹನ್ನೆರಡರಿಂದ, ಬಟವಡೆಯನ್ನು ಏಳರಿಂದ ಭಾಗಿಸುವುದನ್ನು ಅವರಿಂದಲೇ ಮಾಡಿಸಿ.

ಒಂದು ಎಚ್ಚರಿಕೆ. ಲೆಕ್ಕ ತೋರಿಸುವುದು ಬೇರೆ, ಸಾಲದ ಭಾರವನ್ನು ಎಳೆಯ ಹೆಗಲ ಮೇಲೆ ಇಡುವುದು ಬೇರೆ. ಮನೆಯ ಸಾಲದ ಮಾತು ಕೇಳಿ ಕೇಳಿ, ಶಾಲೆಯ ಪ್ರವಾಸದ ಚೀಟಿಯನ್ನು ಮನೆಯಲ್ಲಿ ತೋರಿಸದೇ ಪುಸ್ತಕದೊಳಗೆ ಮಡಚಿಟ್ಟುಕೊಂಡ ಹುಡುಗಿಯನ್ನು ನಾನು ಕಂಡಿದ್ದೇನೆ. "ಇದನ್ನ ತೀರಿಸೋದು ನಮ್ಮ ಕೆಲಸ, ನಿನಗ ತಿಳಿದಿರಲಿ ಅಂತ ಹೇಳಿದ್ವಿ" ಎಂಬ ಮಾತನ್ನು ಬಾಯಿಬಿಟ್ಟು ಹೇಳಿ.

ಎರಡನೆಯ ಹೆಜ್ಜೆ: ಕೈಖರ್ಚಿನ ಜೊತೆ ಒಂದು ಜವಾಬ್ದಾರಿ ಕೊಡಿ

ಬೇಡಿದಾಗಲೆಲ್ಲ ಇಪ್ಪತ್ತು, ಐವತ್ತು ಕೊಟ್ಟರೆ ಮಕ್ಕಳು ಬೇಡುವುದನ್ನು ಕಲಿಯುತ್ತಾರೆ, ಹಂಚುವುದನ್ನು ಕಲಿಯುವುದಿಲ್ಲ. ಒಂದು ಮೊತ್ತ ಗೊತ್ತು ಮಾಡಿ. 13-14 ವಯಸ್ಸಿನವರಿಗೆ ವಾರಕ್ಕೊಮ್ಮೆ, 16 ದಾಟಿದವರಿಗೆ ತಿಂಗಳಿಗೊಮ್ಮೆ. ಮೊತ್ತ ಸಣ್ಣದಿದ್ದರೂ ನಡೆಯುತ್ತದೆ. ಆದರೆ ಅದರೊಳಗೆ ಅವರೇ ನಿಭಾಯಿಸಬೇಕಾದ ಎರಡು ಮೂರು ಖರ್ಚು ಇರಲೇಬೇಕು: ನೋಟ್‌ಬುಕ್ಕು ಪೆನ್ನು, ಕ್ಷೌರ, ಫೋನಿನ ರೀಚಾರ್ಜು, ಗೆಳೆಯರ ಬರ್ತ್‌ಡೇಗೆ ಹಾಕುವ ಪಟ್ಟಿ.

ನಾನು ಇಲ್ಲಿ ತಪ್ಪಿದೆ. ಮಗನಿಗೆ ತಿಂಗಳಿಗೆ 500 ಎಂದು ಗೊತ್ತು ಮಾಡಿದ್ದೆ. ಮೊದಲ ತಿಂಗಳು ಹದಿನೆಂಟನೆಯ ತಾರೀಖಿಗೇ ಮುಗಿಸಿದ. ಸಪ್ಪೆ ಮುಖ ನೋಡಲಾರದೆ ಇನ್ನೂರು ಕೊಟ್ಟೆ. ಎರಡನೆಯ ತಿಂಗಳು ಹದಿನೈದಕ್ಕೇ ಮುಗಿಯಿತು. ಆ ಇನ್ನೂರು ಅವನಿಗೆ ಕಲಿಸಿದ್ದು, ಅವ್ವ ಕೊಟ್ಟೇ ಕೊಡುತ್ತಾಳೆ ಎಂಬುದನ್ನು. ಮೂರನೆಯ ತಿಂಗಳಿಂದ ಗಟ್ಟಿಯಾದೆ. ಹತ್ತು ದಿನ ರೀಚಾರ್ಜ್ ಇಲ್ಲದ ಫೋನು ಹಿಡಿದು ತಿರುಗಿದ. ಮರು ತಿಂಗಳು ಒಂದನೆಯ ತಾರೀಖಿಗೇ ಮೊದಲು ರೀಚಾರ್ಜ್ ಮಾಡಿಕೊಂಡು ಬಂದು ತೋರಿಸಿದ. ಹದಿನಾರರಲ್ಲಿ ಐನೂರು ರೂಪಾಯಿಯಿಂದ ಆಗುವ ತಪ್ಪು ಇಪ್ಪತ್ತಾರರಲ್ಲಿ ಐದು ಲಕ್ಷದಿಂದ ಆಗುತ್ತದೆ. ಊಟ, ಔಷಧಿ, ಪರೀಕ್ಷೆಯ ಫೀ ಇವಿಷ್ಟು ಬಿಟ್ಟು, ಉಳಿದದ್ದಕ್ಕೆ ನಡುವೆ ಕೈ ಹಾಕಬೇಡಿ.

ಲೆಕ್ಕ ಬರೆಯಲು ಆಪ್ ಬೇಕಿಲ್ಲ. ದೀಪಾವಳಿ ಪಾಡ್ಯಕ್ಕೆ ಅಂಗಡಿಕಾರರು ಪೂಜೆ ಮಾಡುವ ಕಿರ್ದಿ ಪುಸ್ತಕ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಂಥದ್ದೇ ಒಂದು ಸಣ್ಣ ಕಿರ್ದಿ ಕೊಡಿ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ದಿನಾ ತಪಾಸಣೆ ಮಾಡಿದರೆ ಮಕ್ಕಳು ಸುಳ್ಳು ಬರೆಯಲು ಕಲಿಯುತ್ತಾರೆ. ವಾರಕ್ಕೊಮ್ಮೆ ಕೂತು, ಯಾವ ಖರ್ಚು ಮಾಡಿ ಸಂತೋಷವಾಯಿತು, ಯಾವುದಕ್ಕೆ ಮನಸ್ಸು ಹಳಹಳಿಸಿತು ಎಂದು ಕೇಳಿದರೆ ಸಾಕು.

ಊರಿನಲ್ಲೂ ಕಲಿಯುವ ಜಾಗಗಳಿವೆ. ಗಣಪತಿ ಪಟ್ಟಿ ಎತ್ತುವ ಹುಡುಗರಿಗೆ ಪಾವತಿ ಪುಸ್ತಕ ಹಿಡಿಸಿ, ವಿಸರ್ಜನೆ ಆದ ಮರುದಿನ ಓಣಿಯವರ ಎದುರು ಲೆಕ್ಕ ಓದಲು ಹೇಳಿ. ಮದುವೆಯಲ್ಲಿ ಆಯೇರಿ (ಮುಯ್ಯಿ) ಬರೆಯಲು ಕೂರುವ ಕೆಲಸ ಹೆಣ್ಣುಮಕ್ಕಳಿಗೂ ಸಿಗಲಿ.

ಮೂರನೆಯ ಹೆಜ್ಜೆ: ಮಕ್ಕಳ ಹೆಸರಿನ ಖಾತೆ

ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಸಹಿ ಮಾಡಿ ಉಳಿತಾಯ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. 2025ರ ಏಪ್ರಿಲ್‌ನಲ್ಲಿ ಆ ನಿಯಮವನ್ನು ಮತ್ತೆ ಸ್ಪಷ್ಟಪಡಿಸಿದೆ. ಎಷ್ಟರವರೆಗೆ ವ್ಯವಹಾರ, ಎಟಿಎಂ ಕಾರ್ಡು ಕೊಡಬೇಕೋ ಬೇಡವೋ ಎಂಬುದನ್ನು ಆಯಾ ಬ್ಯಾಂಕು ತೀರ್ಮಾನಿಸುತ್ತದೆ. ಇರುವುದಕ್ಕಿಂತ ಹೆಚ್ಚು ತೆಗೆಯಲು ಈ ಖಾತೆಯಲ್ಲಿ ಬರುವುದಿಲ್ಲ. ತಾಯಿಯೂ ಪೋಷಕಿಯಾಗಿ ಖಾತೆ ತೆರೆಸಬಹುದು, ಅಪ್ಪನೇ ಬರಬೇಕೆಂದಿಲ್ಲ. ಅಂಚೆ ಕಚೇರಿಯಲ್ಲೂ ಹತ್ತು ದಾಟಿದವರು 500 ರೂಪಾಯಿಯಿಂದ ಖಾತೆ ತೆರೆಯಬಹುದು.

ಹೋಗುವ ಮುಂಚೆ ಆಧಾರ್ ನೋಡಿಕೊಳ್ಳಿ. 15 ವರ್ಷವಾದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದು ಆಗದೇ, ಖಾತೆಗೆ ಆಧಾರ್ ಜೋಡಣೆಯೂ ಸರಿಯಿಲ್ಲದೇ ವಿದ್ಯಾರ್ಥಿವೇತನಕ್ಕಾಗಿ ಅಲೆದಾಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಸ್ಲಿಪ್ಪನ್ನು ಮಕ್ಕಳೇ ತುಂಬಲಿ. ತಪ್ಪಾದರೆ ಹರಿದು ಇನ್ನೊಂದು ತುಂಬಲಿ. ಕೌಂಟರಿನ ಹಿಂದಿರುವವರ ಜೊತೆ ಮಾತಾಡುವ ಧೈರ್ಯ ಹಾಗೆಯೇ ಬರುವುದು.

ನಮ್ಮ ಭಾಗದಲ್ಲಿ ಬ್ಯಾಂಕಿಗಿಂತ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಬೋರ್ಡುಗಳೇ ಹೆಚ್ಚು. ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ. ಆದರೂ ಒಂದು ವ್ಯತ್ಯಾಸ ಮಕ್ಕಳಿಗೆ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷ ಇತ್ತು. ಪತ್ತಿನ ಸಂಘ, ಸೌಹಾರ್ದಗಳ ಠೇವಣಿಗೆ ಈ ವಿಮೆ ಇಲ್ಲ. ಎಲ್ಲರಿಗಿಂತ ಹೆಚ್ಚು ಬಡ್ಡಿ ಕೊಡುತ್ತೇವೆ ಎಂದವರನ್ನು ಏಕೆ ಎಂದು ಕೇಳುವುದನ್ನು ಮಕ್ಕಳು ಇಂದೇ ಕಲಿಯಲಿ. ಠೇವಣಿ ಎತ್ತುವ ಸಂಸ್ಥೆಯ ಬಗ್ಗೆ ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ವಿಚಾರಿಸಬಹುದು, ದೂರನ್ನೂ ಕೊಡಬಹುದು.

ಪಿಗ್ಮಿಯ ಬಗ್ಗೆ ನನಗೆ ಪ್ರೀತಿ ಇದೆ. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಪದ್ಧತಿ ಅದು. ದಿನಕ್ಕೆ ಹತ್ತು ರೂಪಾಯಿ ಪಿಗ್ಮಿ ಕಟ್ಟುವ ಹುಡುಗನಿಗೆ ವರ್ಷಕ್ಕೆ 3,650 ಕೂಡುತ್ತದೆ. ಏಜೆಂಟರು ಕೊಡುವ ಪಾವತಿಯನ್ನು ಆಗಲೇ ನೋಡಿಕೊಳ್ಳುವುದು, ನಡುವೆ ಮುರಿದರೆ ಬಡ್ಡಿ ಸಿಗುತ್ತದೋ ಇಲ್ಲವೋ ಕೇಳಿಕೊಳ್ಳುವುದು, ಇವೆರಡನ್ನು ಬಿಡಬಾರದು.

ನಾಲ್ಕನೆಯ ಹೆಜ್ಜೆ: ಬಡ್ಡಿಯನ್ನು ಊರಿನ ಮಾತಿನಲ್ಲೇ ಬಿಡಿಸಿ

ಮೊದಲಿಗೆ ಎಲ್ಲ ದರಗಳನ್ನೂ ಒಂದೇ ಅಳತೆಗೆ ತರಲು ಕಲಿಸಿ. ರೂಪಾಯಿ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿದರೆ ವರ್ಷದ ಶೇಕಡಾ ದರ. ಒಂದು ರೂಪಾಯಿ ಎಂದರೆ ಶೇ 12, ಎರಡಕ್ಕೆ 24, ಮೂರಕ್ಕೆ 36, ಐದಕ್ಕೆ 60.

ಆಮೇಲೆ 72ರ ಲೆಕ್ಕ. ದರದಿಂದ 72ನ್ನು ಭಾಗಿಸಿದರೆ ಚಕ್ರಬಡ್ಡಿಯಲ್ಲಿ ಮೊತ್ತ ಇಮ್ಮಡಿಯಾಗಲು ಹಿಡಿಯುವ ವರ್ಷಗಳು ಹೆಚ್ಚೂಕಡಿಮೆ ಸಿಗುತ್ತವೆ. ಶೇ 6ಕ್ಕೆ ಇಟ್ಟ ಠೇವಣಿ ಇಮ್ಮಡಿಯಾಗಲು 12 ವರ್ಷ. ಮೂರು ರೂಪಾಯಿ ಬಡ್ಡಿಯ ಸಾಲ, ಬಡ್ಡಿ ಕಟ್ಟದೇ ಬಿಟ್ಟರೆ, ಇಮ್ಮಡಿಯಾಗಲು ಎರಡೇ ವರ್ಷ. ನಮ್ಮ ತರಗತಿಯಲ್ಲಿ ಇದನ್ನು ಬಿಡಿಸಿದ ದಿನ ಆ ಹಿಂದಿನ ಬೆಂಚಿನ ಹುಡುಗ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು ಮನೆಗೆ ಹೋದ.

ಮೂರನೆಯದು ಮೊಬೈಲ್ ಅಂಗಡಿಯ ಕಂತು. 18,000ದ ಫೋನು, ತಿಂಗಳಿಗೆ 1,700ರಂತೆ ಹನ್ನೆರಡು ಕಂತು ಎನ್ನಿ. ಒಟ್ಟು 20,400. ಹೆಚ್ಚು ಕೊಟ್ಟದ್ದು 2,400, ಅಂದರೆ ಶೇ 13 ಮಾತ್ರ ಎಂದು ತೋರುತ್ತದೆ. ಆದರೆ 18,000 ನಿಮ್ಮ ಹತ್ತಿರ ವರ್ಷಪೂರ್ತಿ ಇರಲಿಲ್ಲ. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ತೀರುತ್ತ ಬಂದಿದೆ, ಕೊನೆಯ ತಿಂಗಳು ಉಳಿದಿದ್ದ ಸಾಲ 1,700ಕ್ಕಿಂತ ಕಡಿಮೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ದರ ವರ್ಷಕ್ಕೆ ಸುಮಾರು ಶೇ 24. ಅದು ಎರಡು ರೂಪಾಯಿ ಬಡ್ಡಿ. ಬಡ್ಡಿಯೇ ಇಲ್ಲ ಎನ್ನುವ ಕಂತಿನಲ್ಲೂ ಫೈಲ್ ಚಾರ್ಜು ಎಷ್ಟು, ರೊಕ್ಕ ಎಣಿಸಿ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಹುಡುಗರೇ ಅಂಗಡಿಯಲ್ಲಿ ಕೇಳಿ ಬರಲಿ. ಇದಕ್ಕಿಂತ ಒಳ್ಳೆಯ ಹೋಮ್‌ವರ್ಕ್ ನಾನು ಕೊಟ್ಟಿಲ್ಲ.

ಐದನೆಯ ಹೆಜ್ಜೆ: ಫೋನಿನೊಳಗಿನ ರೊಕ್ಕ

ಹರೆಯದವರಿಗೆ ನೋಟಿಗಿಂತ ಫೋನೇ ಪರ್ಸು. ಕೈಯಿಂದ ನೋಟು ಹೋದಾಗ ಆಗುವ ಸಂಕಟ ಸ್ಕ್ಯಾನ್ ಮಾಡಿದಾಗ ಆಗುವುದಿಲ್ಲ. ಅದಕ್ಕೇ ಮೊದಲ ಒಂದು ವರ್ಷ ನಗದು ಕೊಡಿ, ಆಮೇಲೆ ಫೋನು. ಯುಪಿಐ ಸರ್ಕಲ್ ಎಂಬ ಸೌಲಭ್ಯದಲ್ಲಿ ನಿಮ್ಮ ಖಾತೆಯಿಂದಲೇ ಮನೆಯ ಇನ್ನೊಬ್ಬರು ಪಾವತಿ ಮಾಡಬಹುದು. ಪ್ರತಿ ಸಲ ನೀವು ಒಪ್ಪಿದರೆ ಮಾತ್ರ ಹೋಗುವಂತೆ ಇಡಬಹುದು, ಇಲ್ಲವೇ ಮಿತಿ ಹಾಕಿ ಬಿಡಬಹುದು. ಹಾಗೆ ಬಿಟ್ಟರೂ ತಿಂಗಳಿಗೆ 15,000, ಒಂದು ಸಲಕ್ಕೆ 5,000 ಮೀರುವಂತಿಲ್ಲ. ನೀವು ಅದಕ್ಕಿಂತ ಬಹಳ ಕಡಿಮೆ ಇಡಿ.

ರೊಕ್ಕ ಬರಲು ಪಿನ್ ಬೇಕಾಗುವುದಿಲ್ಲ, ಪಿನ್ ಕೇಳಿದರೆ ಅದು ಹೋಗುವ ರೊಕ್ಕ. ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿ. ಮೋಸವಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಕರೆ ಹೋಗುತ್ತದೋ ಅಷ್ಟು ಉಳಿಯುವ ಆಸೆ. ಬೈಗುಳಕ್ಕೆ ಹೆದರಿ ಮಕ್ಕಳು ಎರಡು ದಿನ ಮುಚ್ಚಿಟ್ಟರೆ ಆ ಆಸೆಯೂ ಹೋಗುತ್ತದೆ. "ಕಳಕೊಂಡ್ರ ಬೈಯಂಗಿಲ್ಲ, ಮುಚ್ಚಿಟ್ರ ಬೈತೀನಿ" ಎಂದು ನಮ್ಮ ಮನೆಯಲ್ಲಿ ಮಾತಾಗಿದೆ.

ಖಾತೆಯನ್ನು ಬಾಡಿಗೆಗೆ ಕೊಡುವುದು ಎಲ್ಲಕ್ಕಿಂತ ದೊಡ್ಡ ಗಂಡಾಂತರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಜಯಪುರದಲ್ಲಿ ಓದುತ್ತಿದ್ದಾಗ, ಹದಿನೆಂಟು ತುಂಬಿ ಎರಡೇ ತಿಂಗಳಾಗಿತ್ತು, ಪರಿಚಯದವನೊಬ್ಬ "ನಾಲ್ಕು ದಿನ ನಿನ್ನ ಖಾತೆ ಬೇಕು, ಎರಡು ಸಾವಿರ ಕೊಡ್ತೀನಿ" ಎಂದನಂತೆ. ಕಾರ್ಡು, ಸಿಮ್ಮು ಎರಡೂ ಕೊಟ್ಟ. ಯಾರೋ ಯಾರಿಗೋ ಮೋಸ ಮಾಡಿದ ಹಣ ಅದರಲ್ಲಿ ಹಾದುಹೋಯಿತು. ಖಾತೆ ಸ್ತಂಭಿಸಿತು, ಅದರಲ್ಲಿದ್ದ ಅವನದೇ ವಿದ್ಯಾರ್ಥಿವೇತನವೂ ಸಿಕ್ಕಿಹಾಕಿಕೊಂಡಿತು, ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬಂತು. ಅವನ ಅಪ್ಪ ಆ ಕಾಗದ ಹಿಡಿದುಕೊಂಡು ನನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದನ್ನು ನಾನು ಮರೆಯಲಾರೆ. "ಅಕ್ಕೋರ, ಇದರಾಗ ಏನ ಬರದಾರ, ಒಂಚೂರು ಓದಿ ಹೇಳ್ರಿ."

ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿದೆ. ಆದರೂ ಲಿಂಕು ಹಿಡಿದು ಬರುವವರು ಇದ್ದೇ ಇದ್ದಾರೆ. ಶೇರು ಪೇಟೆಯ ಆಪ್ಶನ್ ವ್ಯಾಪಾರದಲ್ಲಿ (ಬೆಲೆಯ ಏರಿಳಿತದ ಮೇಲೆ ರೊಕ್ಕ ಹೂಡುವುದು) ದಿನಕ್ಕೆ ಸಾವಿರಾರು ಗಳಿಸಿ ಎನ್ನುವ ರೀಲ್ಸ್ ನೋಡುವ ಹುಡುಗರಿಗೆ, ಶೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಒಂದು ಅಂಕಿ ತೋರಿಸಿ. 2021ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದಾರೆ.

ಹೆಣ್ಣುಮಕ್ಕಳ ಪಾಲಿನ ಲೆಕ್ಕ

ಇದನ್ನು ಬೇರೆಯಾಗಿಯೇ ಹೇಳಬೇಕು. ಗೃಹಲಕ್ಷ್ಮಿಯ 2,000 ಬರುವುದು ಅವ್ವನ ಖಾತೆಗೆ, ಎಟಿಎಂ ಕಾರ್ಡು ಇರುವುದು ಮಗನ ಕಿಸೆಯಲ್ಲಿ. ಹೀಗಿರುವ ಮನೆಗಳನ್ನು ಎಣಿಸಿದರೆ ನಿಮ್ಮ ಓಣಿಯಲ್ಲೇ ಹತ್ತು ಸಿಕ್ಕಾವು. ಮುಂದಿನ ತಿಂಗಳು ಅವ್ವನ ಜೊತೆ ಮಗಳು ಹೋಗಲಿ, ಪಾಸ್‌ಬುಕ್ ಎಂಟ್ರಿ ಅವಳು ಮಾಡಿಸಲಿ, ಅವ್ವನಿಗೆ ಓದಿ ಹೇಳಲಿ. ಅವ್ವ ಹಾಕುವ ಭಿಶಿಯ (ಚೀಟಿ ಗುಂಪಿನ) ಚೀಟಿ ಯಾರಿಗೆ ಬಂತು, ಬಿಟ್ಟುಕೊಟ್ಟದ್ದೆಷ್ಟು ಎಂಬುದನ್ನೂ ಅವಳೇ ಬರೆದಿಡಲಿ.

ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿದ್ದರೆ ಮಗಳಿಗೆ ಹೇಳಿ. 2015ರಲ್ಲಿ ಆ ಯೋಜನೆ ಬಂದಾಗ ಖಾತೆ ಮಾಡಿಸಿಕೊಂಡ ಹುಡುಗಿಯರಲ್ಲಿ ಬಹಳಷ್ಟು ಮಂದಿ ಈಗ ಕಾಲೇಜಿನಲ್ಲಿದ್ದಾರೆ. 18 ತುಂಬಿದ ಮೇಲೆ ಆ ಖಾತೆ ನಡೆಸುವ ಹಕ್ಕು ಅವಳದು. ಹತ್ತನೆಯ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗಾಗಿ ಹಿಂದಿನ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. ತನ್ನ ಹೆಸರಿನಲ್ಲಿ ಹಣ ಇರುವುದೇ ಗೊತ್ತಿಲ್ಲದೇ, ಫೀ ಕಟ್ಟಲಾಗದು ಎಂದು ಓದು ಬಿಡಲು ಹೊರಟ ಹುಡುಗಿಯೊಬ್ಬಳನ್ನು ನಾನೇ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿದ್ದೇನೆ.

ಶಾಲೆಯಿಂದ ಕೇಳಿ ಪಡೆಯಬಹುದಾದದ್ದು

ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರದವರು ಕರೆದರೆ ಶಾಲೆಗೆ ಬಂದು ಪುಕ್ಕಟೆ ಪಾಠ ಮಾಡುತ್ತಾರೆ. ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಗೆ ಮುಖ್ಯಗುರುಗಳು ಒಂದು ಪತ್ರ ಬರೆಯಬೇಕು, ಅಷ್ಟೇ. ಆರರಿಂದ ಹನ್ನೆರಡನೆಯ ತರಗತಿಯವರಿಗೆ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರ ಹಣಕಾಸು ಜ್ಞಾನದ ಪರೀಕ್ಷೆಯನ್ನೂ ನಡೆಸುತ್ತದೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪಾಲಕರು ಕೇಳಿದರೆ ಇವು ಬೇಗ ಆಗುತ್ತವೆ.

ಕೊನೆಯ ಹೆಜ್ಜೆ: ಹದಿನೆಂಟು ತುಂಬುವ ಮುಂಚಿನ ಆರು ತಿಂಗಳು

ಹದಿನೆಂಟರ ಒಳಗೆ ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. 1903ರಷ್ಟು ಹಿಂದೆಯೇ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೀಗೆ ತೀರ್ಪು ಕೊಟ್ಟಿದೆ. ಹದಿನೆಂಟು ತುಂಬಿದ ಮರುದಿನ ಸಹಿ ಮಾಡಿದ ಪ್ರತಿ ಕಾಗದವೂ ನಿಲ್ಲುತ್ತದೆ. ಸಾಲದ ಆಪ್‌ಗಳ ಮೆಸೇಜು ಶುರುವಾಗುವುದೂ ಆಗಲೇ. ಆದ್ದರಿಂದ ಆ ಆರು ತಿಂಗಳಲ್ಲಿ ಮೂರು ಮಾತು ಆಗಿರಲಿ: ಓದದೇ ಸಹಿ ಇಲ್ಲ, ಗೆಳೆಯನಿಗೆ ಜಾಮೀನು ಇಲ್ಲ, ಖಾತೆ ಕಾರ್ಡು ಸಿಮ್ಮು ಯಾರಿಗೂ ಇಲ್ಲ.

ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಲು ಹೊಸ ಸಹಿಯ ಮಾದರಿ, ಹೊಸ ಕೆವೈಸಿ (ಗುರುತು, ವಿಳಾಸದ ದಾಖಲೆ) ಕೊಡಬೇಕು. ಪ್ಯಾನ್ ಮೊದಲೇ ಮಾಡಿಸಿಟ್ಟರೆ ಅವಸರ ತಪ್ಪುತ್ತದೆ. ನಮ್ಮ ಮಗನಿಗೆ ಬರುವ ಮಾರ್ಚ್‌ಗೆ ಹದಿನೆಂಟು. ಕಿರ್ದಿಯ ಕೊನೆಯ ಪುಟದಲ್ಲಿ ಅವನೇ ಬರೆದುಕೊಂಡಿದ್ದಾನೆ: ಆಧಾರ್, ಪ್ಯಾನ್, ಎರಡು ಫೋಟೊ, ಹಳೇ ಪಾಸ್‌ಬುಕ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಸಹಿ ಒಂದೇ ಥರ ಮಾಡೋದು ರೂಢಿ ಮಾಡ್ಕೋಬೇಕು", ಮತ್ತು ಪುಟದ ತುಂಬ ಹದಿನಾಲ್ಕು ಸಹಿ.